ಕತ್ತರಿ ಹೋದರೂ ‘ಕಟ್’ ಉಳಿಯಿತು

1980ರ ದಶಕದ ನಡುವಿನ ಮಾತು. ಬೀದಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ. ಕ್ರಿಕೆಟ್ ಪಂದ್ಯವಿದ್ದ ದಿನ ಆ ಮನೆಯ ನಡುಮನೆ ಅರ್ಧ ಬೀದಿಯ ಸ್ವತ್ತಾಗಿಬಿಡುತ್ತಿತ್ತು. ಬ್ಯಾಟ್ಸ್‌ಮನ್ ಒಬ್ಬ ಬೌಲ್ಡ್ ಆದ. ಒಂದು ಕ್ಷಣ ಕಳೆಯುವಷ್ಟರಲ್ಲಿ ಅದೇ ಚೆಂಡು ಮತ್ತೆ ಬಂತು, ಅದೇ ಸ್ಟಂಪು ಮತ್ತೆ ಉರುಳಿತು, ಈ ಸಲ ತೇಲುತ್ತ, ನಿಧಾನವಾಗಿ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತಿ, ‘ಪಾಪ, ಅದೇ ಹುಡುಗನ್ನ ಎಷ್ಟು ಸಲ ಔಟ್ ಮಾಡ್ತಾರೋ?’ ಎಂದರು. ಹುಡುಗರಾದ ನಾವು ಬಿದ್ದು ಬಿದ್ದು ನಕ್ಕೆವು. ‘ಅಜ್ಜಿ, ಅದು ಆ್ಯಕ್ಷನ್ ರೀಪ್ಲೇ’ ಎಂದು ತಿಳಿಯಹೇಳಿದ್ದೂ ಆಯಿತು.

ನಗುವಂಥದ್ದೇನೂ ಅಲ್ಲಿರಲಿಲ್ಲ ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು. ಅಜ್ಜಿಗೆ ಬಂದ ಸಂಶಯ ಇಡೀ ಅಮೆರಿಕಕ್ಕೆ ಬಂದುಬಿಟ್ಟೀತು ಎಂದು 1963ರಲ್ಲಿ ಅಲ್ಲಿನ ಒಬ್ಬ ವೀಕ್ಷಕ ವಿವರಣೆಗಾರ ಗಾಬರಿಯಾಗಿದ್ದ. ಇಂದು ಮೊಬೈಲಿನಲ್ಲಿ ಬೆರಳು ಸವರಿದರೆ ಸಾಕು, ಸಿಕ್ಸರುಗಳೂ ಗೋಲುಗಳೂ ಸಾಲುಗಟ್ಟಿ ಬರುತ್ತವೆ. ಆ ತುಣುಕುಗಳನ್ನು ಕತ್ತರಿಸಿ ಜೋಡಿಸುವವರ ಬಾಯಲ್ಲಿ ಕಟ್, ಕ್ಲಿಪ್, ರೋಲ್, ರೀಲ್, ಬಿನ್, ವೈಪ್, ಪ್ರೀ-ರೋಲ್ ಎಂಬ ಪದಗಳು ಇವತ್ತಿಗೂ ಓಡಾಡುತ್ತವೆ. ಅವುಗಳಲ್ಲಿ ಹೆಚ್ಚಿನವು ಈಗ ಇಲ್ಲದ ಯಂತ್ರಗಳ, ಇಲ್ಲದ ಸಾಮಾನುಗಳ ಹೆಸರು. ಅವುಗಳ ಬೆನ್ನು ಹಿಡಿದು ಹೋದರೆ ಆಟವನ್ನು ನಾವು ನೋಡುವ ರೀತಿಯೇ ಹೇಗೆ ಬದಲಾಯಿತು ಎಂಬುದರ ಸುಳಿವು ಸಿಗುತ್ತದೆ.

ಮೊದಲು ಆ 1963ರ ಕಥೆ. ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಯ ಅಕಾಡೆಮಿಗಳ ನಡುವೆ ಪ್ರತಿ ವರ್ಷ ಫುಟ್‌ಬಾಲ್ ಪಂದ್ಯ ನಡೆಯುತ್ತದೆ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರ ಫುಟ್‌ಬಾಲ್. ನವೆಂಬರ್ 22ರಂದು ಅಧ್ಯಕ್ಷ ಕೆನಡಿಯ ಹತ್ಯೆಯಾಗಿದ್ದರಿಂದ ಆ ವರ್ಷದ ಪಂದ್ಯ ಒಂದು ವಾರ ಮುಂದಕ್ಕೆ ಹೋಗಿ ಡಿಸೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ನಡೆಯಿತು. ಸಿ.ಬಿ.ಎಸ್. ಸಂಸ್ಥೆಯ ಪರವಾಗಿ ಅದನ್ನು ನಿರ್ದೇಶಿಸುತ್ತಿದ್ದವನು ಟೋನಿ ವರ್ನಾ, ವಯಸ್ಸು 30. ಅವನಿಗೊಂದು ಹುಚ್ಚು ಯೋಚನೆ ಹೊಳೆದಿತ್ತು: ಆಟದ ನಡುವೆ ಒಂದು ಗಳಿಗೆ ಬಿಡುವು ಸಿಕ್ಕಾಗ, ಈಗತಾನೇ ನಡೆದದ್ದನ್ನು ಮತ್ತೆ ತೋರಿಸಿದರೆ?

ಇದರಲ್ಲೇನು ಕಷ್ಟ ಎಂದು ಇಂದಿನವರಿಗೆ ಅನ್ನಿಸಬಹುದು. ವಿಡಿಯೊ ಟೇಪ್ ಹುಟ್ಟಿ ಆಗ ಏಳು ವರ್ಷವಾಗಿತ್ತು. ಆಂಪೆಕ್ಸ್ ಎಂಬ ಕಂಪನಿ 1956ರಲ್ಲಿ ಎರಡು ಅಂಗುಲ ಅಗಲದ ಟೇಪಿನ ಮೇಲೆ ಚಿತ್ರ ಮುದ್ರಿಸುವ ಯಂತ್ರವನ್ನು ತಂದಿತ್ತು. ಆದರೆ ಆ ಯಂತ್ರ ಇರುತ್ತಿದ್ದುದು ಸ್ಟುಡಿಯೊದಲ್ಲಿ. ತೂಕ ಅರ್ಧ ಟನ್ನಿಗೂ ಹೆಚ್ಚು. ವರ್ನಾ ಅದನ್ನು ಲಾರಿಯಲ್ಲಿ ಹೇರಿಸಿಕೊಂಡು ಕ್ರೀಡಾಂಗಣಕ್ಕೆ ತಂದ. ತಂದರೂ ಸಮಸ್ಯೆ ಮುಗಿಯಲಿಲ್ಲ. ಟೇಪನ್ನು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದ ತಕ್ಷಣ ಚಿತ್ರ ಬರುವುದಿಲ್ಲ. ಯಂತ್ರ ತನ್ನ ವೇಗಕ್ಕೆ ಬಂದು ನೆಲೆನಿಲ್ಲಲು ಕೆಲವು ಸೆಕೆಂಡು ಬೇಕು, ಅಲ್ಲಿಯವರೆಗೆ ಪರದೆಯ ಮೇಲೆ ಬರೀ ಗೀರು, ಮಳೆ. ಅಂದರೆ ತೋರಿಸಬೇಕಾದ ಘಟ್ಟಕ್ಕಿಂತ ಅಷ್ಟು ಹಿಂದಿನಿಂದ ಟೇಪನ್ನು ಓಡಿಸಿಕೊಂಡು ಬರಬೇಕು. ಬಾವಿ ಹಾರುವವನು ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬರುವಂತೆ. ಇದೇ ‘ಪ್ರೀ-ರೋಲ್’. ಆದರೆ ಎಷ್ಟು ಹಿಂದೆ? ಟೇಪಿನ ಯಾವ ಜಾಗದಲ್ಲಿ ಯಾವ ದೃಶ್ಯವಿದೆ ಎಂದು ಕರಾರುವಾಕ್ಕಾಗಿ ಹೇಳುವ ಸಾಧನ ಆಗ ಇರಲಿಲ್ಲ.

ವರ್ನಾ ಕಂಡುಕೊಂಡ ಉಪಾಯ ನಮ್ಮ ಹಳ್ಳಿಯ ಮೇಸ್ತ್ರಿಯೂ ಮೆಚ್ಚುವಂಥದ್ದು. ಟೇಪಿನ ಅಂಚಿನಲ್ಲಿ ಪ್ರಸಾರಕ್ಕೆ ಬಳಸದ ಒಂದು ಧ್ವನಿಪಟ್ಟಿ ಇತ್ತು. ಆಟಗಾರರು ಗುಂಪುಗೂಡಿ ಮಾತಾಡಿಕೊಳ್ಳುವಾಗ ಒಂದು ‘ಬೀಪ್’, ಅವರು ಸಾಲಾಗಿ ನಿಂತು ಆಟಕ್ಕೆ ಸಜ್ಜಾದಾಗ ಎರಡು ‘ಬೀಪ್’ ಅದರ ಮೇಲೆ ಬೀಳುವಂತೆ ಮಾಡಿದ. ಹಿಂದಕ್ಕೆ ಸುತ್ತುವಾಗ ಕಿವಿಗೊಟ್ಟು ಕೇಳಿದರೆ ಎಲ್ಲಿದ್ದೇವೆ ಎಂದು ಗೊತ್ತಾಗುತ್ತಿತ್ತು. ಕಣ್ಣಿನ ಯಂತ್ರಕ್ಕೆ ಕಿವಿಯ ಗುರುತು!

ಪಂದ್ಯದ ಬಹುಭಾಗ ಅದು ಕೈಕೊಟ್ಟಿತು. ಟೇಪ್ ಆಗ ಬಲು ದುಬಾರಿ, ಹಳೆಯದನ್ನೇ ಅಳಿಸಿ ಮತ್ತೆ ಬಳಸುತ್ತಿದ್ದರು. ಗುಂಡಿ ಒತ್ತಿದರೆ ಆಟದ ಬದಲು ಅದರ ಮೇಲೆ ಮೊದಲಿದ್ದ ‘ಐ ಲವ್ ಲೂಸಿ’ ಎಂಬ ಹಾಸ್ಯ ಧಾರಾವಾಹಿಯ ತುಣುಕು ಮೇಲೇಳುತ್ತಿತ್ತಂತೆ. ವರ್ನಾ ಕಣ್ಣಿಟ್ಟಿದ್ದುದು ನೌಕಾಸೇನೆಯ ಹೆಸರಾಂತ ಆಟಗಾರ ರೋಜರ್ ಸ್ಟಾಬಾಕ್ ಮೇಲೆ. ಆದರೆ ಕಡೆಗೂ, ಪಂದ್ಯದ ನಾಲ್ಕನೆಯ ಭಾಗದಲ್ಲಿ, ಯಂತ್ರ ಮಾತು ಕೇಳಿದಾಗ ಸಿಕ್ಕಿದ್ದು ಎದುರಾಳಿ ಭೂಸೇನೆಯ ರೋಲಿ ಸ್ಟಿಚ್‌ವೇ ಗಳಿಸಿದ ಅಂಕ. ಚಿತ್ರ ನಿಧಾನಗತಿಯದ್ದಾಗಿರಲಿಲ್ಲ, ನಡೆದ ವೇಗದಲ್ಲೇ ಮತ್ತೊಮ್ಮೆ ನಡೆಯಿತು. ಆಗಲೇ ವಿವರಣೆಗಾರ ಲಿಂಡ್ಸೆ ನೆಲ್ಸನ್ ಗಾಬರಿಯಾದದ್ದು. ಮಹನೀಯರೇ, ಇದು ಈಗ ನಡೆಯುತ್ತಿರುವುದಲ್ಲ, ಭೂಸೇನೆ ಇನ್ನೊಮ್ಮೆ ಅಂಕ ಗಳಿಸಿಲ್ಲ ಎಂದು ಆತ ಕೂಗಿ ಹೇಳಬೇಕಾಯಿತು. ಪಂದ್ಯವನ್ನು 21-15ರಿಂದ ನೌಕಾಸೇನೆಯೇ ಗೆದ್ದಿತೆನ್ನಿ. ಅಂದು ತೋರಿಸಲಾದ ಪುನರ್ದೃಶ್ಯ ಅದೊಂದೇ.

ನೆಲ್ಸನ್‌ನ ಆ ಕೂಗು ಇಂದಿಗೂ ಸತ್ತಿಲ್ಲ, ರೂಪ ಬದಲಿಸಿದೆ. ರೀಪ್ಲೇಗೆ ಮೊದಲು ಮತ್ತು ಅನಂತರ ತಂಡದ್ದೋ ಪಂದ್ಯಾವಳಿಯದ್ದೋ ಲಾಂಛನ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರ್ರನೆ ಹಾದುಹೋಗುವುದನ್ನು ಗಮನಿಸಿದ್ದೀರಲ್ಲ? ಅದು ‘ವೈಪ್’, ಒರೆಸು. ಹಲಗೆ ಒರೆಸಿ ಹೊಸ ಲೆಕ್ಕ ಬರೆಯುವಂತೆ ವರ್ತಮಾನವನ್ನು ಒರೆಸಿ ಭೂತಕಾಲ ತೋರಿಸಿ, ಮತ್ತೆ ಒರೆಸಿ ವರ್ತಮಾನಕ್ಕೆ ಕರೆತರುವುದು ಅದರ ಕೆಲಸ. ಅಲಂಕಾರವೆಂದು ನಾವು ತಿಳಿಯುವ ಅದು ನಿಜಕ್ಕೂ ಒಂದು ಎಚ್ಚರಿಕೆ: ಇದು ಈಗ ನಡೆಯುತ್ತಿರುವುದಲ್ಲ. ನಮ್ಮ ಅಜ್ಜಿಯ ಪ್ರಶ್ನೆಗೆ ದೂರದರ್ಶನ ಜಗತ್ತು ಕಂಡುಕೊಂಡ ಉತ್ತರ.

ಇನ್ನು ‘ಕಟ್’. ಸಿನಿಮಾ ರೀಲನ್ನು ಕತ್ತರಿಯಲ್ಲೇ ಕತ್ತರಿಸುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೊದಲ ವರ್ಷಗಳಲ್ಲಿ ವಿಡಿಯೊ ಟೇಪನ್ನೂ ಹಾಗೆಯೇ ಕತ್ತರಿಸುತ್ತಿದ್ದರು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. ಸಿನಿಮಾ ಫಿಲ್ಮನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಟೇಪಿನ ಮೇಲೆ ಏನೂ ಕಾಣದು. ಹಾಗಾಗಿ ಕಬ್ಬಿಣದ ನುಣುಪಾದ ಪುಡಿ ಕಲಸಿದ ದ್ರವವನ್ನು ಟೇಪಿಗೆ ಸವರುವುದು, ಆ ಪುಡಿ ಕಾಂತದ ಗೆರೆಗಳ ಉದ್ದಕ್ಕೂ ಅಂಟಿಕೊಂಡಾಗ ಸೂಕ್ಷ್ಮದರ್ಶಕದಲ್ಲಿ ನೋಡಿ ಎರಡು ಗೆರೆಗಳ ನಡುವೆ ಬ್ಲೇಡು ಇಡುವುದು, ಅಂಟುಪಟ್ಟಿಯಿಂದ ಎರಡು ತುದಿ ಕೂಡಿಸುವುದು. ಕೂದಲೆಳೆಯಷ್ಟು ತಪ್ಪಿದರೂ ಜೋಡಣೆಯ ಜಾಗದಲ್ಲಿ ಚಿತ್ರ ಎಗರುತ್ತಿತ್ತು. ಹೀಗೆ ಕೂಡಿಸುವುದಕ್ಕೆ ‘ಸ್ಪ್ಲೈಸ್’ ಎಂಬ ಹೆಸರು ಬಂದದ್ದು ಹಡಗಿನ ನಾವಿಕರಿಂದ. ಹುರಿಯ ಎರಡು ತುದಿಗಳನ್ನು ಎಳೆ ಬಿಚ್ಚಿ ಹೆಣೆಯುವುದಕ್ಕೆ ಅವರು ಹಾಗೆನ್ನುತ್ತಿದ್ದರು. ಕತ್ತರಿಸಿದ ಫಿಲ್ಮು ತುಂಡುಗಳು ನೆಲಕ್ಕೆ ತಾಗಿ ಗೀರು ಬೀಳಬಾರದೆಂದು ಬಟ್ಟೆ ಹೊದಿಸಿದ ದೊಡ್ಡ ಡಬ್ಬಿಯೊಳಗೆ ಇಳಿಬಿಡುತ್ತಿದ್ದರು. ಅದು ‘ಬಿನ್’. ಇಂದಿನ ಸಂಕಲನ ತಂತ್ರಾಂಶಗಳಲ್ಲಿ ಕಡತಗಳನ್ನು ಇಡುವ ಜಾಗಕ್ಕೂ ಬಿನ್ ಎಂದೇ ಹೆಸರು, ಬಟ್ಟೆಯಿಲ್ಲ, ಡಬ್ಬಿಯಿಲ್ಲ. ‘ಫುಟೇಜ್’ ಎಂದರೆ ಅಡಿಗಳ ಲೆಕ್ಕ. 35 ಮಿ.ಮೀ. ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು, ಸೆಕೆಂಡಿಗೆ 24ರಂತೆ ಓಡಿದರೆ ನಿಮಿಷಕ್ಕೆ 90 ಅಡಿ. ಒಂದಡಿ ಫಿಲ್ಮನ್ನೂ ಕಣ್ಣಿಂದ ಕಾಣದವರು ಇಂದು ಫುಟೇಜ್ ಕಳಿಸಿ ಎನ್ನುತ್ತಾರೆ. ಮನೆಯಲ್ಲಿ ಸೌದೆ ಒಲೆ ಹೋಗಿ ಎಷ್ಟು ವರ್ಷವಾದರೂ ನಾವು ‘ಒಲೆ ಹಚ್ಚು’ ಎನ್ನುವುದಿಲ್ಲವೇ, ಹಾಗೆ.

‘ಸ್ಲೋ ಮೋಷನ್’ ಕಥೆ ಇನ್ನೂ ಹಳೆಯದು, ಅದರ ಬೇರು ಇರುವುದೂ ಆಟದಲ್ಲೇ. ಓಡುವ ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು 19ನೆಯ ಶತಮಾನದ ಒಂದು ದೊಡ್ಡ ತರ್ಕ. ಕ್ಯಾಲಿಫೋರ್ನಿಯಾದ ಶ್ರೀಮಂತ, ಕುದುರೆಪ್ರೇಮಿ ಲೀಲ್ಯಾಂಡ್ ಸ್ಟಾನ್‌ಫರ್ಡ್‌ಗಾಗಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 1878ರ ಜೂನ್‌ನಲ್ಲಿ ಓಟದ ದಾರಿಯುದ್ದಕ್ಕೂ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಚಿತ್ರ ತೆಗೆದ. ನಾಲ್ಕೂ ಗೊರಸು ಗಾಳಿಯಲ್ಲಿದ್ದವು. ಶತಮಾನಗಳಿಂದ ಓಡುವ ಕುದುರೆಯನ್ನು ಬರೆದಿದ್ದ ಚಿತ್ರಕಾರರು ಅದರ ಕಾಲುಗಳನ್ನು ತಪ್ಪಾಗಿ ಬರೆದಿದ್ದರು. ಬರಿಗಣ್ಣು ಕಂಡದ್ದನ್ನೇ ಅಲ್ಲಗಳೆಯುವ ಅಧಿಕಾರ ಯಂತ್ರಕ್ಕೆ ಬಂದದ್ದು ಅಲ್ಲಿಂದ.

ಮುಂದೆ ಚಲನಚಿತ್ರ ಬಂದಾಗ ಕ್ಯಾಮೆರಾವನ್ನು ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುತ್ತಿದ್ದರು. ಬೇಗ ಬೇಗ ತಿರುಗಿಸಿ ಹೆಚ್ಚು ಚಿತ್ರ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಿದರೆ ಚಲನೆ ನಿಧಾನವಾಗುತ್ತದೆ. ಅದಕ್ಕೇ ಇಂದಿಗೂ ಕ್ಯಾಮೆರಾದವರು ‘ಓವರ್‌ಕ್ರ್ಯಾಂಕ್’ ಎನ್ನುತ್ತಾರೆ, ಹೆಚ್ಚು ತಿರುಗಿಸು ಎಂದು. ಇದನ್ನು ಶಾಸ್ತ್ರೀಯವಾಗಿ ಸಾಧಿಸಲು 1904ರಲ್ಲಿ ಪೇಟೆಂಟ್ ಪಡೆದವನು ಆಗಸ್ಟ್ ಮುಸ್ಗರ್ ಎಂಬ ಆಸ್ಟ್ರಿಯದ ಪಾದ್ರಿ. ಜರ್ಮನ್ ಭಾಷೆಯಲ್ಲಿ ನಿಧಾನಗತಿಗೆ ಇರುವ ಪದ ‘ತ್ಸೈಟ್‌ಲೂಪ’. ಅಂದರೆ ಕಾಲದ ಭೂತಗನ್ನಡಿ. ಈ ಲೇಖಕನಿಗೆ ಇಂಗ್ಲಿಷ್ ಪದಕ್ಕಿಂತ ಇದೇ ಹೆಚ್ಚು ಇಷ್ಟ. ಏಕೆಂದರೆ ಅಲ್ಲಿ ನಡೆಯುವುದು ಚಲನೆಯನ್ನು ನಿಧಾನ ಮಾಡುವುದಲ್ಲ, ಒಂದು ಗಳಿಗೆಯನ್ನು ಹಿಗ್ಗಿಸುವುದು. ಭೂತಗನ್ನಡಿಯಲ್ಲಿ ಇರುವೆ ಆನೆಯಂತೆ ಕಂಡರೂ ಇರುವೆ ಆನೆಯಾಗುವುದಿಲ್ಲ ಎಂಬ ಎಚ್ಚರವೂ ಆ ಪದದಲ್ಲೇ ಇದೆ. 1936ರ ಬರ್ಲಿನ್ ಒಲಿಂಪಿಕ್ಸ್ ಬಗ್ಗೆ ಲೆನಿ ರೀಫನ್‌ಸ್ಟಾಲ್ ಮಾಡಿದ ‘ಒಲಿಂಪಿಯಾ’ ಚಿತ್ರ 1938ರಲ್ಲಿ ತೆರೆಕಂಡಿತು. ಅದರ ಕೊನೆಗೆ ನೀರಿಗೆ ಧುಮುಕುವ ಈಜುಗಾರರು ನೀರನ್ನೇ ಮರೆತು ಆಕಾಶದಲ್ಲಿ ತೇಲುವ ಹಕ್ಕಿಗಳಾಗುತ್ತಾರೆ. ಯಾರು ಗೆದ್ದರು ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಹಿಟ್ಲರನ ಆಡಳಿತದ ನೆರವಿನಿಂದ ತಯಾರಾದ ಚಿತ್ರವದು, ಆ ಕಳಂಕ ಅದಕ್ಕಿದ್ದೇ ಇದೆ. ಆದರೂ ಇಂದಿನ ಪ್ರತಿ ಕ್ರೀಡಾ ಜಾಹೀರಾತು ಅದರ ಸಾಲಗಾರ. ಟಿ.ವಿ.ಗೆ ನಿಧಾನಗತಿಯ ರೀಪ್ಲೇ ಕೈಗೆಟುಕಿದ್ದು 1967ರಲ್ಲಿ ಆಂಪೆಕ್ಸ್ ಕಂಪನಿ ಟೇಪಿನ ಬದಲು ತಿರುಗುವ ತಟ್ಟೆಯ ಮೇಲೆ ಚಿತ್ರ ಮುದ್ರಿಸುವ ಯಂತ್ರ ತಂದಾಗ. ಅದರಲ್ಲಿ ಹಿಡಿಸುತ್ತಿದ್ದುದು ಬರೀ 30 ಸೆಕೆಂಡು. ಆಟಕ್ಕೆ ಅಷ್ಟು ಸಾಕಿತ್ತು.

‘ಹೈಲೈಟ್ಸ್’ ಎಂಬ ಪದ ಹುಟ್ಟಿದ್ದು ಚಿತ್ರಕಲೆಯಲ್ಲಿ. ತೈಲಚಿತ್ರವೊಂದರಲ್ಲಿ ಬೆಳಕು ನೇರ ಬಿದ್ದು ಹೊಳೆಯುವ ಜಾಗ ಅದು. ಕಣ್ಣ ಪಾಪೆಯ ಮೇಲಿನ ಬಿಳಿ ಚುಕ್ಕೆ, ಹಿತ್ತಾಳೆ ಚೆಂಬಿನ ಅಂಚಿನ ಮಿಂಚು. ಅಷ್ಟನ್ನು ಮಾತ್ರ ಉಳಿಸಿ ಮಿಕ್ಕ ಚಿತ್ರವನ್ನು ಹರಿದು ಹಾಕಿದರೆ ಏನಾದೀತು? ಆಟದ ಹೈಲೈಟ್ಸ್ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಬಿ.ಬಿ.ಸಿ.ಯ ‘ಮ್ಯಾಚ್ ಆಫ್ ದ ಡೇ’ 1964ರ ಆಗಸ್ಟ್ 22ರಂದು ಲಿವರ್‌ಪೂಲ್ ಮತ್ತು ಆರ್ಸೆನಲ್ ಪಂದ್ಯದ ಸಂಕ್ಷಿಪ್ತ ರೂಪದೊಂದಿಗೆ ಆರಂಭವಾಯಿತು. ಆಗ ಬಿ.ಬಿ.ಸಿ.ಯ ಎರಡನೆಯ ವಾಹಿನಿ ತೀರ ಹೊಸದು, ಹೆಚ್ಚಿನ ಮನೆಗಳಿಗೆ ಎಟುಕುತ್ತಿರಲಿಲ್ಲ, ಅಂದು ಟಿ.ವಿ.ಯಲ್ಲಿ ನೋಡಿದವರಿಗಿಂತ ಮೈದಾನದಲ್ಲಿ ನೋಡಿದವರೇ ಹೆಚ್ಚು. ಇವತ್ತಿನ ಲೆಕ್ಕ ಹೇಗೆಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಎಡ್ ಸೇಬಲ್ ಮತ್ತು ಅವನ ಮಗ ಸ್ಟೀವ್ ಇದೇ 1960ರ ದಶಕದಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ನಿಧಾನಗತಿ, ವಾದ್ಯವೃಂದ, ಗಂಭೀರ ಕಂಠದ ನಿರೂಪಣೆ ಸೇರಿಸಿ ಪುರಾಣಕಥೆಯ ಗತ್ತು ತಂದರು.

ಕನ್ನಡಕ್ಕೆ ಬಂದರೆ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನವನು ಕತ್ತರಿಸುತ್ತಾನೆ, ನಾವು ಸಂಕಲನ ಮಾಡುತ್ತೇವೆ. ಶಾಲೆಯ ಗಣಿತ ನೆನಪಿಸಿಕೊಳ್ಳಿ: ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ. ಸಂಕಲನವೆಂದರೆ ಕೂಡುವುದು. ಕವನ ಸಂಕಲನದಲ್ಲೂ ಅದೇ ಅರ್ಥ. ಬೆಳ್ಳಿತೆರೆಯ ಮೇಲೆ ‘ಸಂಕಲನ’ ಎಂದು ಹೆಸರು ಮೂಡುವಾಗ ನಾವು ಕಾಣುವುದು ಬಿಡಿ ಬಿಡಿಯಾದದ್ದನ್ನು ಕೂಡಿಸಿ ಕಥೆ ಮಾಡಿದವನನ್ನು. ಸಿನಿಮಾಕ್ಕೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೋ ಆಟದ ಹೈಲೈಟ್ಸ್‌ಗೆ ಅಷ್ಟೇ ಒಪ್ಪುವುದಿಲ್ಲ. ಅಲ್ಲಿ ಕಥೆ ಮೊದಲೇ ನಡೆದುಹೋಗಿದೆ, ಕೆಲಸವೆಲ್ಲ ಕಳೆಯುವುದೇ. ಅದನ್ನು ವ್ಯವಕಲನ ಎಂದು ಕರೆದರೆ ತಪ್ಪೇನೂ ಆಗದು.

ಕಳೆದುಕೊಂಡದ್ದರ ಲೆಕ್ಕವೂ ಸಣ್ಣದಲ್ಲ. 1967ರ ಜನವರಿ 15ರಂದು ನಡೆದ ಅಮೆರಿಕದ ಮೊದಲ ಸೂಪರ್ ಬೌಲ್ ಪಂದ್ಯವನ್ನು ಎರಡು ಟಿ.ವಿ. ಸಂಸ್ಥೆಗಳು ನೇರ ಪ್ರಸಾರ ಮಾಡಿದವು. ಎರಡೂ ಆ ಟೇಪುಗಳನ್ನು ಅನಂತರ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಕೊಂಡವು. ನಮಗೆ ಹತ್ತಿರದ ಉದಾಹರಣೆ 1983ರ ಜೂನ್ 18ರದ್ದು. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ ಅಜೇಯ 175 ರನ್‌ಗಳ ವಿಡಿಯೊ ಎಲ್ಲಿಯೂ ಇಲ್ಲ. ಅಂದು ಬಿ.ಬಿ.ಸಿ. ಕ್ಯಾಮೆರಾಗಳು ಅಲ್ಲಿರಲಿಲ್ಲ. ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಾಗ ಕಪಿಲ್ ಜೊತೆ ಮೊದಲು ನಿಂತವರು ಬೆಂಗಳೂರಿನ ರೋಜರ್ ಬಿನ್ನಿ, 22 ರನ್. ಕೊನೆಗೆ ಮುರಿಯದ ಒಂಬತ್ತನೆಯ ವಿಕೆಟ್‌ಗೆ 126 ರನ್ ಕೂಡಿಸಿದಾಗ ಇನ್ನೊಂದು ತುದಿಯಲ್ಲಿ ಇದ್ದವರು ಸೈಯದ್ ಕಿರ್ಮಾನಿ, ಅಜೇಯ 24. ವಿಡಿಯೊ ಇದ್ದಿದ್ದರೆ ಏನಾಗುತ್ತಿತ್ತು? ಕಪಿಲ್‌ರ ಸಿಕ್ಸರುಗಳು, ಬೌಂಡರಿಗಳು ಲಕ್ಷ ಸಲ ತಿರುಗುತ್ತಿದ್ದವು. ಬಿನ್ನಿ ತಡೆದ, ಕಿರ್ಮಾನಿ ತಳ್ಳಿದ ಚೆಂಡುಗಳನ್ನು ಯಾರೂ ನೋಡುತ್ತಿರಲಿಲ್ಲ. ವಿಡಿಯೊ ಇಲ್ಲದಿರುವುದರಿಂದ ಆ ಪಂದ್ಯ ಬಾಯಿಂದ ಬಾಯಿಗೆ ಕಥೆಯಾಗಿ ಬಂದಿದೆ, ಕಥೆಯಲ್ಲಿ ಬಿನ್ನಿ, ಮದನ್ ಲಾಲ್, ಕಿರ್ಮಾನಿ ಎಲ್ಲರಿಗೂ ಜಾಗ ಸಿಕ್ಕಿದೆ. ಇದನ್ನು ನಷ್ಟ ಎನ್ನಬೇಕೋ ಲಾಭ ಎನ್ನಬೇಕೋ ಹೇಳುವುದು ಕಷ್ಟ.

ಮನರಂಜನೆಗೆ ಬಂದ ರೀಪ್ಲೇ ನ್ಯಾಯಾಧೀಶನೂ ಆಯಿತು. ಕ್ರಿಕೆಟ್ಟಿನಲ್ಲಿ ಅದು 1992ರ ನವೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ ಟೆಸ್ಟಿನಲ್ಲಿ. ಟಿ.ವಿ. ನೋಡಿ ಮೂರನೆಯ ಅಂಪೈರ್ ರನೌಟ್ ಕೊಟ್ಟ ಮೊದಲ ಆಟಗಾರ ಸಚಿನ್ ತೆಂಡೂಲ್ಕರ್. ಮುಂದಿನ ಜೊಹಾನೆಸ್‌ಬರ್ಗ್ ಟೆಸ್ಟಿನಲ್ಲಿ ಜಾಂಟಿ ರೋಡ್ಸ್ ವಿರುದ್ಧ ಭಾರತೀಯರು ಅದೇ ಮನವಿ ಮಾಡಿದಾಗ ಅಂಪೈರ್ ಸ್ಟೀವ್ ಬಕ್ನರ್ ಟಿ.ವಿ.ಯ ಸಹಾಯವೇ ಬೇಡವೆಂದರು. ರೀಪ್ಲೇಯಲ್ಲಿ ರೋಡ್ಸ್ ಔಟಾಗಿದ್ದುದು ಕಂಡಿತು. ಆತ 91 ರನ್ ಹೊಡೆದ.

ಈ ನ್ಯಾಯಾಧೀಶನ ಕಣ್ಣೂ ಪೂರ್ತಿ ನಂಬುವಂಥದ್ದಲ್ಲ. ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು. ಒಂದಕ್ಕೂ ಇನ್ನೊಂದಕ್ಕೂ ನಡುವೆ 40 ಮಿಲಿ ಸೆಕೆಂಡಿನ ಕತ್ತಲೆ. ಸೆಕೆಂಡಿಗೆ ಏಳು ಮೀಟರ್ ಓಡುವ ಬ್ಯಾಟ್ಸ್‌ಮನ್ ಆ ಕತ್ತಲೆಯಲ್ಲಿ 28 ಸೆಂ.ಮೀ. ದಾಟಿರುತ್ತಾನೆ, ಗಂಟೆಗೆ 140 ಕಿ.ಮೀ. ವೇಗದ ಚೆಂಡು ಒಂದೂವರೆ ಮೀಟರ್ ದಾಟಿರುತ್ತದೆ. ಒಂದು ಚೌಕಟ್ಟಿನಲ್ಲಿ ಬೇಲ್ಸ್ ಕೂತಿವೆ, ಮುಂದಿನದರಲ್ಲಿ ಹಾರಿವೆ, ಹಾರಿದ್ದು ಯಾವಾಗ? ಹೆಚ್ಚು ಚೌಕಟ್ಟು ತೆಗೆಯುವ ಕ್ಯಾಮೆರಾಗಳು ಬಂದು ಈ ಕತ್ತಲೆಯನ್ನು ಕಿರಿದಾಗಿಸಿವೆ, ಸರಿ. ಆದರೆ ಹಿಗ್ಗಿಸಿದ ಕಾಲಕ್ಕೆ ಅದರದ್ದೇ ಮೋಸವಿದೆ. ಮೈಮೇಲೆ ಬೀಳುವ ಆಟಗಾರನನ್ನು ನಿಧಾನಗತಿಯಲ್ಲಿ ನೋಡಿದವರಿಗೆ ಅವನು ಬೇಕೆಂದೇ ಹಾಗೆ ಮಾಡಿದಂತೆ ಕಾಣುವುದು ಹೆಚ್ಚು ಎಂದು 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಕಾಲ ಹಿಗ್ಗಿದಾಗ, ಅವನಿಗೆ ಯೋಚಿಸಲು ಪುರುಸೊತ್ತಿತ್ತು ಎಂದು ನಮ್ಮ ಮನಸ್ಸು ನಂಬಿಬಿಡುತ್ತದೆ. ಇರುವೆ ಆನೆಯಾಗುವುದು ಹೀಗೆ.

ಟೇಪಿನ ಕಾಲ ಮುಗಿಯುತ್ತ ಬಂದದ್ದು 1990ರ ದಶಕದಲ್ಲಿ. ಬೆಲ್ಜಿಯಮ್ಮಿನಲ್ಲಿ 1994ರಲ್ಲಿ ಶುರುವಾದ ಇ.ವಿ.ಎಸ್. ಎಂಬ ಕಂಪನಿಯ ಯಂತ್ರ ಗಣಕದ ಡಿಸ್ಕಿನ ಮೇಲೆ ಮುದ್ರಿಸುತ್ತಲೇ ಹಿಂದಿನದನ್ನು ತೋರಿಸಬಲ್ಲದು. ಹಿಂದಕ್ಕೆ ಸುತ್ತುವ ಕೆಲಸವೇ ಇಲ್ಲ. ಸನ್ನೆಗೋಲಿನಂಥ ಒಂದು ಹಿಡಿಕೆ ಮುಂದೆ ತಳ್ಳಿದರೆ ವೇಗ, ಎಳೆದರೆ ನಿಧಾನ. ನಮ್ಮಲ್ಲಿ ನೆರಳಚ್ಚಿಗೆ ಜೆರಾಕ್ಸ್ ಎಂಬ ಹೆಸರು ನಿಂತಂತೆ ಆ ಕೆಲಸಕ್ಕೇ ಕಂಪನಿಯ ಹೆಸರು ನಿಂತಿತು. ಆದರೂ ನಿರ್ದೇಶಕ ಇಂದಿಗೂ ಕೂಗುವುದು ‘ರೋಲ್’ ಎಂದೇ, ಇಂಗ್ಲೆಂಡಿನಲ್ಲಿ ‘ವಿ.ಟಿ.’ ಎಂದೇ. ಉರುಳುವ ಸುರುಳಿಯೂ ಇಲ್ಲ, ವಿಡಿಯೊ ಟೇಪೂ ಇಲ್ಲ. 2017ರಲ್ಲಿ ವಿಂಬಲ್ಡನ್ ಟೆನಿಸ್‌ನಲ್ಲಿ ಐ.ಬಿ.ಎಂ. ಕಂಪನಿಯ ಗಣಕ ಪ್ರೇಕ್ಷಕರ ಚೀರಾಟ, ಆಟಗಾರರ ಹಾವಭಾವ ಅಳೆದು ತಾನೇ ಹೈಲೈಟ್ಸ್ ತುಣುಕುಗಳನ್ನು ಆರಿಸಿತು. ಚಪ್ಪಾಳೆ ಬಿದ್ದಲ್ಲಿ ಬೆಳಕು, ಮಿಕ್ಕಿದ್ದೆಲ್ಲ ಕತ್ತಲೆ.

ಆ ಗಣಕದ ಮುಂದೆ 1999ರ ಫೆಬ್ರುವರಿ 7ರ ದೆಹಲಿ ಟೆಸ್ಟನ್ನು ಇಟ್ಟು ನೋಡಬೇಕು. ಕೋಟ್ಲಾ ಮೈದಾನ, ಗೆಲ್ಲಲು ಪಾಕಿಸ್ತಾನಕ್ಕೆ 420 ಬೇಕು. ಊಟದ ಹೊತ್ತಿಗೆ ವಿಕೆಟ್ ನಷ್ಟವಿಲ್ಲದೆ 101. ಅನಂತರ ಅನಿಲ್ ಕುಂಬ್ಳೆ ಹತ್ತಕ್ಕೆ ಹತ್ತೂ ವಿಕೆಟ್ ಪಡೆದರು, 74 ರನ್‌ಗೆ. ವಿಡಿಯೊ ಟೇಪ್ ಹುಟ್ಟಿದ 1956ರಲ್ಲೇ ಜಿಮ್ ಲೇಕರ್ ಮಾಡಿದ್ದ ಸಾಧನೆ. ಟೆಸ್ಟಿನಲ್ಲಿ ಅದಾದ ಮೇಲೆ ಇದೇ ಮೊದಲು. ಹೈಲೈಟ್ಸ್‌ನಲ್ಲಿ ಆ ಹತ್ತು ವಿಕೆಟ್ ಐದಾರು ನಿಮಿಷಕ್ಕೆ ಬೀಳುತ್ತವೆ. ಕುಂಬ್ಳೆ ಎಸೆದದ್ದು 26.3 ಓವರ್, 159 ಚೆಂಡು. ಕತ್ತರಿಗೆ ಬಿದ್ದದ್ದು 149.

ಬಿದ್ದದ್ದು ಅವರದ್ದು ಮಾತ್ರವಲ್ಲ. ಒಂಬತ್ತನೆಯ ವಿಕೆಟ್ ಕುಂಬ್ಳೆಗೆ ಬಿದ್ದಾಗ ಮುಂದಿನ ಓವರ್ ಜಾವಗಲ್ ಶ್ರೀನಾಥ್ ಅವರದ್ದು. ಗೆಳೆಯನಿಗೆ ಹತ್ತನೆಯದು ತಪ್ಪಬಾರದೆಂದು ಶ್ರೀನಾಥ್ ಚೆಂಡನ್ನು ಆಫ್ ಸ್ಟಂಪಿನಿಂದ ದೂರ ದೂರಕ್ಕೆ ಎಸೆದರು, ಬ್ಯಾಟಿಗೂ ಸಿಗದಂತೆ, ಸ್ಟಂಪಿಗೂ ತಾಗದಂತೆ. ಭಾರತದ ಅತಿ ವೇಗದ ಬೌಲರ್ ಎನ್ನಿಸಿಕೊಂಡವರು ತಮ್ಮ ಇಡೀ ಜೀವಮಾನದ ಅಭ್ಯಾಸದ ವಿರುದ್ಧ ಎಸೆದ ಚೆಂಡುಗಳು. ಅಲ್ಲಿ ವಿಕೆಟ್ ಇಲ್ಲ, ಬೌಂಡರಿ ಇಲ್ಲ, ಆರಿಸಲು ಏನೂ ಇಲ್ಲ. ಓವರ್ ಮುಗಿಯಿತು. ಕುಂಬ್ಳೆ ಚೆಂಡು ಕೈಗೆತ್ತಿಕೊಂಡರು. ಆ ಓವರಿನ ಮೂರನೆಯ ಎಸೆತವನ್ನು ವಾಸಿಂ ಅಕ್ರಮ್ ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈಗೆ ಕೊಟ್ಟರು. ತುಣುಕು ಶುರುವಾಗುವುದು ಅಲ್ಲಿಂದ.